ಹೆಬ್ಬಾರರ ಎರಡನೆಯ ಕಲಿಕೆ

ಮುಂಬಯಿ ಕನ್ನಡಿಗರು ಹೆಮ್ಮೆಯಿಂದ ನೆನೆಯುವ ಹೆಸರುಗಳಲ್ಲಿ ಕಲಾವಿದ ಕೆ. ಕೆ. ಹೆಬ್ಬಾರರದೂ ಒಂದು. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಅವರು, ಇಲ್ಲಿನ ಜೆ. ಜೆ. ಕಲಾಶಾಲೆಯಲ್ಲಿ 1938ರಲ್ಲಿ ಡಿಪ್ಲೊಮಾ ಪಡೆದು, ಮುಂದೆ ಅಲ್ಲಿಯೇ ಅಧ್ಯಾಪಕರಾದರು. ಹೊಟ್ಟೆಪಾಡಿಗೆ ಅಷ್ಟು ಸಾಕಿತ್ತು. ಆದರೆ ಶಾಲೆ ಕಲಿಸಿದ ಪಾಶ್ಚಾತ್ಯ ರೀತಿ ಸಾಲದೆನಿಸಿ, ತಮಗೆ ತಾವೇ ಗುರುವಾದರು. ಅಜಂತದ ಭಿತ್ತಿಚಿತ್ರಗಳನ್ನೂ ಜೈನ ಹಸ್ತಪ್ರತಿಗಳ ಚಿತ್ರಗಳನ್ನೂ ಅಭ್ಯಾಸ ಮಾಡಿದರು. ಗೆರೆಗೆ ಲಯ ಬೇಕೆಂದು ಕಥಕ್ ನೃತ್ಯವನ್ನೇ ಕಲಿತರು! ಮುಂದಿನ ದಶಕಗಳ ಹಲವು ಚಿತ್ರಗಳಲ್ಲಿ ಆಕಾರ ಕರಗಿ, ಬಣ್ಣ ಬೆಳಕುಗಳೇ ಉಳಿದವು. 1996ರಲ್ಲಿ ಇದೇ ನಗರದಲ್ಲಿ ತೀರಿಕೊಂಡರು.

ಅಂಥ ಒಂದು ಚಿತ್ರದ ಮುಂದೆ ನನ್ನ ಮಗಳು, "ಇದು ಏನಪ್ಪಾ?" ಎಂದಳು. ಥಟ್ಟನೆ ಉತ್ತರ ತೋಚಲಿಲ್ಲ. ಆಮೇಲೆ ಹೊಳೆಯಿತು: ನನ್ನೊಳಗಿನ ಊರೂ ಈಗ ಹಾಗೆಯೇ ಇದೆ. ಮನೆಯ ಮಾಡು, ಬಾವಿಕಟ್ಟೆ ಮಸುಕಾಗಿವೆ. ಚೆಂಡೆಯ ಪೆಟ್ಟು, ಆಷಾಢದ ಮಳೆಯ ಸದ್ದು ಮಾತ್ರ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲೂ ಕೇಳುತ್ತವೆ.

ಇಲ್ಲಿ ಹುಟ್ಟಿದ ಮಕ್ಕಳಿಗೆ ನಾವು ಊರನ್ನು ಇದ್ದಂತೆ ತೋರಿಸಲಾರೆವು. ಅದರ ಲಯವನ್ನಾದರೂ ಕೊಡೋಣ. ಒಂದು ಭಾನುವಾರ ಅವರನ್ನು ಜಹಾಂಗೀರ್ ಗ್ಯಾಲರಿಗೆ ಕರೆದೊಯ್ಯಿರಿ, "ಏನಿದು?" ಎಂದು ಅವರು ಕೇಳಲಿ, ಉತ್ತರವನ್ನು ಜೊತೆಗೂಡಿ ಹುಡುಕಿರಿ.