ಘಟ್ಟದ ದಾರಿಯೂ ಟಯರಿನ ವಯಸ್ಸೂ

ಸಿರಸಿ, ಸಿದ್ದಾಪುರ, ಯಲ್ಲಾಪುರಗಳೆಂಬ ಮೂರು ತಾಲೂಕುಗಳೂ ಘಟ್ಟದ ಮೇಲಿನವು. ಕಡಲ ಕಡೆಗೆ ಇಳಿಯತಕ್ಕವರಿಗೆ ಸಿರಸಿಯಿಂದ ದೇವಿಮನೆ ಘಟ್ಟ, ಸಿದ್ದಾಪುರದಿಂದ ದೊಡ್ಮನೆ ಘಟ್ಟ, ಯಲ್ಲಾಪುರದಿಂದ ಅರಬೈಲು ಘಟ್ಟ. ಮೂರರಲ್ಲಿಯೂ ನಾವು ಸಂಚರಿಸಿದ್ದೇವೆ. ಒಂದು ಮಗ್ಗುಲಲ್ಲಿ ಬೆಟ್ಟ, ಇನ್ನೊಂದು ಮಗ್ಗುಲಲ್ಲಿ ಕಮರಿ. ಆಷಾಢದ ಮಳೆಯಲ್ಲಿ ಮಂಜು ಕವಿದರೆ ಹತ್ತು ಮಾರು ಮುಂದಣ ತಿರುವೂ ಕಾಣದು. ಕಾರಿನ ಒಂದೊಂದು ಗಾಲಿಯು ನೆಲವನ್ನು ಮುಟ್ಟುವುದು ಅಂಗೈಯಗಲದ ಸ್ಥಳದಲ್ಲಿ ಮಾತ್ರ. ಮನೆಮಂದಿಯೆಲ್ಲರ ಪ್ರಾಣವು ಆ ನಾಲ್ಕು ಅಂಗೈಗಳ ಮೇಲೆ ನಿಂತಿರುತ್ತದೆ.

ಈ ಸೀಮೆಯ ಅಡಕೆ ತೋಟದ ಮನೆಗಳಲ್ಲಿ ಕಾರು ಹೆಚ್ಚಾಗಿ ಓಡುವುದಿಲ್ಲ. ವಾರಕ್ಕೊಮ್ಮೆ ಪೇಟೆಗೆ, ಆಗಾಗ ಮದುವೆ ಮುಂಜಿಗಳಿಗೆ, ಎರಡು ವರ್ಷಕ್ಕೊಮ್ಮೆ ಸಿರಸಿಯ ಮಾರಿಕಾಂಬೆಯ ಜಾತ್ರೆಗೆ. ಉಳಿದ ದಿನಗಳಲ್ಲಿ ಅಂಗಳದ ಮಾಡಿನ ಕೆಳಗೆ ವಿಶ್ರಾಂತಿ. ಸಿದ್ದಾಪುರದ ಕಡೆ ನಾವಿಳಿದುಕೊಂಡ ಮನೆಯ ಯಜಮಾನರು ಮಕ್ಕಳನ್ನೂ ವೃದ್ಧ ತಾಯಿಯನ್ನೂ ಕುಮಟೆಗೆ ಕರೆದೊಯ್ಯಲು ಸಿದ್ಧರಾಗಿದ್ದರು. “ಟಯರು ಹೊಸದರ ಹಾಂಗೇ ಇದ್ದು, ಮಾಸ್ತರೇ. ಎಂಟು ಸಾವಿರ ಕಿಲೋಮೀಟರೂ ಓಡಿದ್ದಿಲ್ಲೆ” ಎಂದರು. ಬಟನ್ನು ನಿಜವಾಗಿಯೂ ಸವೆದಿರಲಿಲ್ಲ. ಆದರೆ ಪಕ್ಕದ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದುವು.

ಸಂಸ್ಕೃತದಲ್ಲಿ ಕ್ಷಯವೆಂಬುದು ಬೇರೆ, ಜರೆಯೆಂಬುದು ಬೇರೆ. ಬಟನ್ನು ಸವೆಯುವುದು ಕ್ಷಯ; ಅದಕ್ಕೆ ಓಟ ಬೇಕು. ರಬ್ಬರು ಬಿರುಸಾಗುವುದು ಜರೆ. ಅದಕ್ಕೆ ಕಾಲವೊಂದೇ ಸಾಕು. ಗಾಳಿಯಲ್ಲಿರುವ ಆಮ್ಲಜನಕವೂ ಓಝೋನೂ ರಬ್ಬರನ್ನು ಮೆಲ್ಲಮೆಲ್ಲನೆ ತಿನ್ನುತ್ತವೆ. ಬಿಸಿಲೂ ಶಾಖವೂ ಅವಕ್ಕೆ ನೆರವಾಗುತ್ತವೆ. ಇದನ್ನು ತಡೆಯಲೆಂದು ತಯಾರಕರು ರಬ್ಬರಿನಲ್ಲಿ ಮೇಣವೇ ಮೊದಲಾದ ದ್ರವ್ಯಗಳನ್ನು ಬೆರೆಸಿರುತ್ತಾರೆ. ಗಾಲಿ ಉರುಳಿ ಬಾಗಿದಂತೆಲ್ಲ ಅವು ಮೇಲ್ಮೈಗೆ ಒಸರಿ ಕಾಪಾಡುತ್ತವೆ. ನಿಂತೇ ಇರುವ ಕಾರಿಗೆ ಈ ರಕ್ಷಣೆಯು ಅಷ್ಟಾಗಿ ದೊರೆಯದು. ಬಿರುಸಾದ ರಬ್ಬರು ಒದ್ದೆ ರಸ್ತೆಯನ್ನು ಹಿಡಿಯಲಾರದು. ಒಳಗಿನ ಪದರುಗಳ ಬೆಸುಗೆ ಸಡಿಲಿದ್ದರೆ ಟಯರು ಓಟದಲ್ಲಿಯೇ ಸಿಡಿಯಬಹುದು.

ವಯಸ್ಸನ್ನರಿಯಲು ಜ್ಯೋತಿಷಿಗಳು ಬೇಡ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳು ಅಚ್ಚಾಗಿರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಆ ಕಾರಿನಲ್ಲಿ ‘2316’ ಎಂದಿತ್ತು: 2016ನೆಯ ಇಸವಿಯ 23ನೆಯ ವಾರ, ಎಂದರೆ ಜೂನ್ ತಿಂಗಳು. ಬಟನ್ನಿನ ಆಳವು 1.6 ಮಿಲಿಮೀಟರಿಗಿಂತ ಕಡಿಮೆಯಾಗಬಾರದೆಂಬ ನಿಯಮವನ್ನು ಬಲ್ಲವರಿದ್ದಾರೆ. ಈ ಅಂಕಿಗಳನ್ನು ಓದುವವರು ವಿರಳ. ಐದು ವರ್ಷ ಕಳೆದ ಮೇಲೆ ವರ್ಷಕ್ಕೊಮ್ಮೆ ಬಲ್ಲವರಿಂದ ಪರೀಕ್ಷೆ ಮಾಡಿಸಬೇಕೆಂದೂ, ಹತ್ತು ವರ್ಷವಾದರೆ ನೋಟಕ್ಕೆ ಚೆನ್ನಾಗಿದ್ದರೂ ತೆಗೆದುಹಾಕಬೇಕೆಂದೂ ಹಲವು ಟಯರು ತಯಾರಕರ ಸಲಹೆ. ಕೆಲವು ಕಾರು ತಯಾರಕರು ಆರು ವರ್ಷವೇ ಸಾಕೆನ್ನುತ್ತಾರೆ. ಬಯಲುಸೀಮೆಯ ಮಾತು ಹೇಗೂ ಇರಲಿ, ಮಳೆಗಾಲದ ಘಟ್ಟಕ್ಕೆ ನಾವು ಆರನ್ನೇ ಒಪ್ಪುತ್ತೇವೆ.

ಯಜಮಾನರು ಸ್ವಲ್ಪ ಹೊತ್ತು ಮೌನವಾಗಿದ್ದರು. ನಾಲ್ಕು ಟಯರುಗಳ ಬೆಲೆ ಅಲ್ಪವಲ್ಲ. ಅಡಕೆ ಮಾರಿದ ಹಣಕ್ಕೆ ಬೇರೆ ದಾರಿಗಳೂ ಕಾದಿದ್ದುವು. ಕೊನೆಗೆ ಅವರ ತಾಯಿಯವರೇ “ಕುಮಟೆ ಎಲ್ಲಿಗೂ ಓಡಿಹೋಗ್ತಿಲ್ಲೆ” ಎಂದರು. ಮರುದಿನ ಕಾರು ನಿಧಾನವಾಗಿ ಸಿರಸಿಯ ಅಂಗಡಿಗೆ ಹೋಯಿತು. ಅಲ್ಲಿ ನಾವು ಸ್ಟೆಪ್ನಿಯ ಅಂಕಿಯನ್ನೂ ನೋಡಿಸಿದೆವು. ಒಮ್ಮೆಯೂ ನೆಲ ಮುಟ್ಟದಿದ್ದ ಅದಕ್ಕೂ ಅಷ್ಟೇ ವಯಸ್ಸು.

ಕಳಚಿದ ಟಯರುಗಳನ್ನು ಹಿತ್ತಿಲಿಗೆ ಒಯ್ಯಲು ಆಳು ಮುಂದಾದನು. ಬೇಡವೆಂದೆವು, ಅವುಗಳಲ್ಲಿ ಮಳೆನೀರು ನಿಂತರೆ ಡೆಂಗೀ ಹರಡುವ ಸೊಳ್ಳೆಗಳು ಮೊಟ್ಟೆಯಿಡುತ್ತವೆ. ಇನ್ನಾರೂ ಗಾಲಿಗೆ ಹಾಕದಂತೆ ಪಕ್ಕವನ್ನು ಕೊಯ್ಯಿಸಿ, ಗುಜರಿಗೆ ಕೊಟ್ಟು ಬಂದರು.