ಚಿಕ್ಕಪ್ಪನವರ ಪರಿವಾರ

ನಮ್ಮ ತಂದೆಯ ತಮ್ಮಂದಿರಲ್ಲಿ ಕಿರಿಯರೂ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದವರೂ, ಕೊನೆಯವರೆಗೆ ಮದುವೆಯಾಗದೆ ಉಳಿದವರೂ ಆದ ಚಿಕ್ಕಪ್ಪನವರ ಮಾತು ಬಂದಾಗಲೆಲ್ಲ ನಮ್ಮ ಬಂಧುವರ್ಗದಲ್ಲಿ ಎರಡು ಸಂಗತಿಗಳನ್ನು ಒಂದೇ ಉಸಿರಿನಲ್ಲಿ ಹೇಳುವ ರೂಢಿಯುಂಟು. ಅವರಿಗೆ ಆಗಾಗ ಚಿತ್ತಸ್ವಾಸ್ಥ್ಯ ತಪ್ಪುತ್ತಿದ್ದಿತೆಂಬುದು ಒಂದು. ನಾಯಿ, ಕುದುರೆ, ದನವೆನ್ನದೆ ಬೀದಿಯ ಪ್ರಾಣಿಗಳಿಗೆಲ್ಲ ಸಂಬಳವನ್ನು ಸುರಿದರೆಂಬುದು ಇನ್ನೊಂದು. ಹೇಳುವವರ ಮನಸ್ಸಿನಲ್ಲಿ ಇವೆರಡೂ ಒಂದೇ ವ್ಯಾಧಿಯ ಲಕ್ಷಣಗಳು. ಆ ಎಣಿಕೆ ತಪ್ಪೆಂದು ನನಗೆ ದೃಢವಾಗಿ ತೋರುತ್ತದೆ. ಅವರು ಹೋಗಿ ಬಹುಕಾಲವಾದ ಮೇಲೆ, ನಾನೂ ಅವರ ವಯಸ್ಸನ್ನು ದಾಟಿದ ಮೇಲೆ, ಅದನ್ನು ಬಿಡಿಸಿ ಹೇಳುವುದು ಅವರಿಗೆ ಸಲ್ಲಬೇಕಾದ ಋಣವೆಂದು ಭಾವಿಸಿ ಬರೆಯುತ್ತಿದ್ದೇನೆ.

ಶಿವಮೊಗ್ಗದಲ್ಲಿ ತುಂಗೆಯ ದಡದ ಕೋಟೆಯ ಬೀದಿಯಲ್ಲಿದ್ದ ನಮ್ಮ ಮನೆಗೂ ಭದ್ರೆಯ ದಡದ ಊರಿನಲ್ಲಿದ್ದ ಅವರ ಬಿಡಾರಕ್ಕೂ ನಡುವೆ ಸುಮಾರು 20 ಕಿಲೋಮೀಟರಿನ ದಾರಿ. ಹಿಂದೆ ಬೆಂಕಿಪುರವೆನಿಸಿಕೊಂಡಿದ್ದ ಆ ಸಣ್ಣ ಊರು, ವಿಶ್ವೇಶ್ವರಯ್ಯನವರ ಸಂಕಲ್ಪದಿಂದ ಮೈಸೂರು ಸಂಸ್ಥಾನವು ಕಟ್ಟಿದ ಕಾರ್ಖಾನೆಯು 1923ರ ಜನವರಿಯಲ್ಲಿ ಕಬ್ಬಿಣ ಕರಗಿಸತೊಡಗಿದಂದಿನಿಂದ ನಾಡಿನ ದೊಡ್ಡ ಹೆಸರುಗಳಲ್ಲಿ ಒಂದಾಯಿತು. ಕೆಮ್ಮಣ್ಣುಗುಂಡಿಯಿಂದ ಅದಿರು, ಮಲೆನಾಡಿನ ಕಾಡುಗಳಿಂದ ಟ್ರಾಮಿನ ಹಳಿಗಳ ಮೇಲೆ ಸೌದೆ, ಆ ಸೌದೆಯಿಂದ ಇದ್ದಿಲು. ಹೀಗೆ ಹಗಲಿರುಳೂ ಆರದೆ ಉರಿಯುತ್ತಿದ್ದ ಕುಲುಮೆಗೆ ಸಲ್ಲುವ ಇದ್ದಿಲಿನ ಲೆಕ್ಕ ಬರೆಯುವುದು ಚಿಕ್ಕಪ್ಪನವರ ಉದ್ಯೋಗವಾಗಿದ್ದಿತು. ಅವರ ಅಂಗಿಯ ತೋಳಂಚಿನಲ್ಲಿ ಸದಾ ಒಂದು ಕರಿಯ ರೇಖೆ. ಹಬ್ಬಕ್ಕೆ ಮನೆಗೆ ಬಂದಾಗ ಅಜ್ಜಿ ಎಷ್ಟು ಒಗೆಯಿಸಿದರೂ ಅದು ಬಿಡುತ್ತಿರಲಿಲ್ಲ.

ಪಾಳಿ ಬದಲಾಗುವ ಕೂಗು ಮೊಳಗಿದೊಡನೆ ಕಾರ್ಖಾನೆಯ ಬಾಗಿಲಲ್ಲಿ ನಾಯಿಗಳು ನೆರೆಯುತ್ತಿದ್ದವು. ಕೆಲಸಗಾರರ ಬುತ್ತಿಯಲ್ಲಿ ಉಳಿದ ಮುದ್ದೆಯೋ ಅನ್ನವೋ ಅವುಗಳ ಪಾಲಿಗೆ ಬರುವುದು ಹಳೆಯ ಸಂಪ್ರದಾಯ. ಚಿಕ್ಕಪ್ಪನವರು ಆ ಸಂಪ್ರದಾಯವನ್ನು ಒಂದು ವ್ರತವನ್ನಾಗಿ ಮಾಡಿಕೊಂಡರು. ಅವುಗಳಿಗೆ ಹೆಸರಿಟ್ಟರು: ಕೆಂಚಗಿದ್ದುದಕ್ಕೆ ಫರ್ನೇಸು, ಹಳಿಯ ಪಕ್ಕದಲ್ಲಿ ಕಾಲು ಜಜ್ಜಿಹೋಗಿ ಬಿದ್ದಿದ್ದುದಕ್ಕೆ ಟ್ರಾಮು, ಮೈಯೆಲ್ಲ ಕಪ್ಪಾದ ಹೆಣ್ಣುನಾಯಿಗೆ ಇದ್ದಿಲಿ. ಈ ಟ್ರಾಮು ಎಂಬುದು ಮೂರು ಕಾಲಿನಲ್ಲಿಯೇ ಅವರ ಹಿಂದೆ ರೈಲ್ವೆ ನಿಲ್ದಾಣದವರೆಗೆ ಬಂದು, ಶಿವಮೊಗ್ಗದ ರೈಲು ಹೊರಟುಹೋದಮೇಲೆ ತಾನಾಗಿ ಹಿಂದಿರುಗುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕಣ್ಣಾರೆ ಕಂಡಿದ್ದೇನೆ.

ಆ ನಿಲ್ದಾಣದ ಮುಂದೆ ಜಟಕಾಗಳು ನಿಲ್ಲುತ್ತಿದ್ದ ಕಾಲವದು. ಹೊರೆ ಎಳೆದೆಳೆದು ಕುದುರೆಗಳ ಹೆಗಲು ಹುಣ್ಣಾಗಿ, ಆ ಹುಣ್ಣಿನ ಮೇಲೆಯೇ ಮರುದಿನವೂ ಪಟ್ಟಿ ಬಿಗಿಯುವುದು ನೋಡುವವರ ಕಣ್ಣಿಗೆ ರೂಢಿಯಾಗಿಬಿಟ್ಟಿದ್ದಿತು. ಚಿಕ್ಕಪ್ಪನವರು ಬೇವಿನ ಸೊಪ್ಪು ಕುದಿಸಿದ ನೀರನ್ನು ಒಂದು ಹಿತ್ತಾಳೆಯ ತಂಬಿಗೆಯಲ್ಲಿ ಹಿಡಿದು ಹೋಗಿ, ಗಾಯ ತೊಳೆದು, ಬೇವಿನೆಣ್ಣೆಯಲ್ಲಿ ಕಲಸಿದ ಅರಿಸಿನವನ್ನು ಹಚ್ಚಿ, ಹತ್ತಿ ತುಂಬಿದ ಮೆತ್ತೆಯೊಂದನ್ನು ಪಟ್ಟಿಯ ಕೆಳಗಿಡುತ್ತಿದ್ದರು. ಮುಖ್ಯವಾದುದು ಮುಂದಿದೆ. ಗಾಡಿಯವನನ್ನು ಅವರು ಒಮ್ಮೆಯೂ ಗದರಿದವರಲ್ಲ. “ಸಾಹೇಬರೆ, ಇವತ್ತಿನ ದುಡಿಮೆ ಎಷ್ಟಾಗ್ತಿತ್ತು ಹೇಳಿ, ನಾನು ಕೊಡ್ತೀನಿ. ಅದು ಇವತ್ತೊಂದು ದಿನ ಮಲಗಲಿ” ಎಂದು ಕೇಳಿ, ಲೆಕ್ಕ ಚುಕ್ತಾ ಮಾಡಿ ಬರುತ್ತಿದ್ದರು. ಕುದುರೆಯ ನೋವಿನ ಹಿಂದೆ ಗಾಡಿಯವನ ಮನೆಯ ಹಸಿವನ್ನೂ ಕಂಡ ದೃಷ್ಟಿಯಲ್ಲಿ ನಾನು ಯಾವ ಅಸ್ವಾಸ್ಥ್ಯವನ್ನೂ ಕಾಣಲಾರೆ. ಪ್ರಾಣಿಪ್ರಿಯರಾದ ಅನೇಕರು ಮನುಷ್ಯರ ವಿಷಯದಲ್ಲಿ ಬಹಳ ಕಠಿಣರು, ಅವರು ಹಾಗಿರಲಿಲ್ಲ.

ಬೀದಿನಾಯಿಗಳನ್ನು ವಿಷವಿಟ್ಟೋ ಹೊಡೆದೋ ಕೊಲ್ಲಿಸುವುದು ಆಗ ದೇಶದ ಊರೂರುಗಳಲ್ಲಿ ನಡೆಯುತ್ತಿದ್ದ ಕೆಲಸ. ಕೊಲ್ಲುವ ಬದಲು ಸಂತಾನಹರಣ ಚಿಕಿತ್ಸೆ ಮಾಡಿ, ಹುಚ್ಚುರೋಗಕ್ಕೆ ಲಸಿಕೆ ಹಾಕಿ, ಹಿಡಿದ ಜಾಗದಲ್ಲಿಯೇ ಬಿಡಬೇಕೆಂಬ ಕೇಂದ್ರದ ನಿಯಮಗಳು ಬಂದದ್ದು 2001ರಲ್ಲಿ. ಅದಕ್ಕೆ ದಶಕಗಳ ಮುಂಚೆ, ನಾಯಿ ಹಿಡಿಯುವವರು ಬರುವ ಸುದ್ದಿ ತಿಳಿದ ರಾತ್ರಿ, ತಮ್ಮ ಪರಿವಾರವನ್ನೆಲ್ಲ ಹಿತ್ತಿಲಿನ ಸೌದೆಯ ಕೊಟ್ಟಿಗೆಯಲ್ಲಿ ಕೂಡಿ, ಅವು ಬೊಗಳದಂತೆ ತಾವೂ ನಡುವೆ ಕುಳಿತು ಬೆಳಗು ಮಾಡಿದ ಆ ಮನುಷ್ಯನನ್ನು ನೆರೆಯವರು ಹಾಸ್ಯಮಾಡಿದರಂತೆ. ಕಾನೂನು ಬಹು ತಡವಾಗಿ ಅವರಿದ್ದಲ್ಲಿಗೆ ಬಂದು ಸೇರಿತು.

ಇನ್ನು ಅವರ ವ್ಯಾಧಿಯ ವಿಷಯ. ವರ್ಷದಲ್ಲಿ ಕೆಲವು ವಾರ ಅವರಿಗೆ ನಿದ್ರೆಯೇ ಬೇಕಾಗುತ್ತಿರಲಿಲ್ಲ, ಮಾತು ಪ್ರವಾಹವಾಗುತ್ತಿತ್ತು, ಸಾಲ ತಂದು ಹಣ ಚೆಲ್ಲುತ್ತಿದ್ದರು, ನಡುರಾತ್ರಿಯಲ್ಲಿ ಭದ್ರಾವತಿಯಿಂದ ನಡೆದೇ ಹೊರಟು ಬೆಳಗಿಗೆ ಶಿವಮೊಗ್ಗದ ನಮ್ಮ ಮನೆಯ ಜಗುಲಿಯ ಮೇಲೆ ಪ್ರತ್ಯಕ್ಷರಾಗುತ್ತಿದ್ದರು. ಅನಂತರ ಬರುತ್ತಿದ್ದ ತಿಂಗಳುಗಳಲ್ಲಿ ಗೋಡೆಯ ಕಡೆಗೆ ಮುಖಮಾಡಿ ಮಲಗಿದವರು ಮೇಲೇಳುತ್ತಿರಲಿಲ್ಲ, ಉಣ್ಣುತ್ತಿರಲಿಲ್ಲ, ಕೆಲಸಕ್ಕೆ ನಾಗಾ ಆಗುತ್ತಿತ್ತು. ನನ್ನ ವಾದಕ್ಕೆ ಆಧಾರವಿರುವುದು ಇಲ್ಲಿಯೇ. ಆ ಎರಡು ಅವಸ್ಥೆಗಳಲ್ಲಿಯೂ ಅವರ ಕೈಯಿಂದ ಪ್ರಾಣಿಗಳ ಸೇವೆ ನಡೆಯುತ್ತಿರಲಿಲ್ಲ. ಉಬ್ಬರದ ದಿನಗಳಲ್ಲಿ ಸಂತೆಯಿಂದ ಕುಂಟೆತ್ತೊಂದನ್ನು ಕೊಂಡು ತಂದು ಅದಕ್ಕೆ ನೀರಿಡುವುದನ್ನೇ ಮರೆತದ್ದುಂಟು. ಕತ್ತಲೆಯ ದಿನಗಳಲ್ಲಿ ಬಾಗಿಲ ಹೊರಗೆ ಟ್ರಾಮು ಹಸಿದು ಮಲಗಿರುತ್ತಿತ್ತು, ಪಕ್ಕದ ಮನೆಯ ತಾಯಿ ಅನ್ನ ಹಾಕುತ್ತಿದ್ದರು. ಮನಸ್ಸು ತಿಳಿಯಾದೊಡನೆ ಅವರು ಮಾಡುತ್ತಿದ್ದ ಮೊದಲ ಕೆಲಸ ಅಂಗಳಕ್ಕಿಳಿದು ನಾಯಿಗಳ ಬಟ್ಟಲು ತೊಳೆಯುವುದು. ಅಜ್ಜಿಗೆ ಇದು ತಿಳಿದಿದ್ದಿತು. ಭದ್ರಾವತಿಯಿಂದ ಬಂದವರನ್ನು ಅವಳು, “ಮಗು ಊಟ ಮಾಡ್ತಾನಾ?” ಎಂದು ಕೇಳುತ್ತಿರಲಿಲ್ಲ, “ನಾಯಿಗೆ ಅನ್ನ ಹಾಕ್ತಾ ಇದಾನಾ?” ಎಂದೇ ಕೇಳುತ್ತಿದ್ದಳು. ಅಕ್ಷರವರಿಯದ ಆ ವೃದ್ಧೆ ಮಗನ ಆರೋಗ್ಯವನ್ನು ಅಳೆಯುವ ಮಾನವನ್ನು ಸರಿಯಾಗಿ ಹಿಡಿದಿದ್ದಳು.

ಮನೆಯವರು ಅರಿಯದೆ ಮಾಡಿದ ಹರಕೆ, ತಾಯಿತ, ಗದರಿಕೆಗಳನ್ನು ವಿಸ್ತರಿಸುವುದಿಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು, ಹಳೆಯ ಮಾನಸಿಕ ಆಸ್ಪತ್ರೆಯೊಡನೆ ಒಂದುಗೂಡಿ 1974ರಲ್ಲಿ ನಿಮ್ಹಾನ್ಸ್ ಆದಮೇಲೆ, ನಮ್ಮ ತಂದೆ ಅವರನ್ನು ಅಲ್ಲಿಗೆ ಕರೆದುಕೊಂಡು ಹೋದರು. ಇದು ಶರೀರದ ಇತರ ರೋಗಗಳಂತೆಯೇ ಒಂದು ರೋಗ, ಇದಕ್ಕೆ ಔಷಧಿಯುಂಟು, ರಕ್ತವನ್ನು ಆಗಾಗ ಪರೀಕ್ಷಿಸಿ ಪ್ರಮಾಣ ನೋಡಿಕೊಂಡು ಕೊಡಬೇಕು ಎಂದು ವೈದ್ಯರು ಹೇಳಿದ ದಿನ ನಮ್ಮ ತಂದೆ ಹಿಂದಿರುಗಿ ಬಂದು ಅಜ್ಜಿಯ ಮುಂದೆ ಅತ್ತರು. ಔಷಧಿ ಲಿಥಿಯಂ. ಅದು ಉನ್ಮಾದವನ್ನು ಶಮನಗೊಳಿಸಬಲ್ಲುದೆಂದು 1949ರಲ್ಲಿ ಪ್ರಕಟಿಸಿದವರು ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು. ರೋಗಿಗಳಿಗೆ ಕೊಡುವ ಮುನ್ನ ಅವರು ಅದನ್ನು ಗಿನಿ ಪಿಗ್ ಎಂಬ ಸಣ್ಣ ಪ್ರಾಣಿಗಳಿಗೆ ಚುಚ್ಚಿ, ಅವು ಮಂಕಾಗಿ ಶಾಂತವಾದುದನ್ನು ಕಂಡಿದ್ದರು. ಇದನ್ನು ನಾನು ಓದಿ ತಿಳಿದದ್ದು ಚಿಕ್ಕಪ್ಪನವರು ತೀರಿಕೊಂಡ ಮೇಲೆ. ಅವರ ನೆಮ್ಮದಿಯ ವರ್ಷಗಳ ಮೊದಲ ಕೊಂಡಿ ಯಾವುದೋ ಖಂಡದ ಆ ಮೂಕಜೀವಿಗಳೆಂದು ಅವರಿಗೆ ತಿಳಿದಿದ್ದರೆ, ಸಂತೋಷಕ್ಕಿಂತ ಮೊದಲು, ಆಮೇಲೆ ಅವುಗಳ ಗತಿ ಏನಾಯಿತೆಂದು ಕೇಳುತ್ತಿದ್ದರೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಆ ನೆಮ್ಮದಿಯ ವರ್ಷಗಳಲ್ಲಿ ಅವರಿಗೆ ಪ್ರಿಯವಾದ ಯಾತ್ರಾಸ್ಥಳ ಸಕ್ರೆಬೈಲು. ಶಿವಮೊಗ್ಗದಿಂದ ತೀರ್ಥಹಳ್ಳಿಯ ದಾರಿಯಲ್ಲಿ, ಗಾಜನೂರು ಅಣೆಕಟ್ಟಿನ ಹಿನ್ನೀರಿನ ಅಂಚಿನಲ್ಲಿರುವ ಆ ಆನೆಬಿಡಾರಕ್ಕೆ ಮೊದಲ ಬಸ್ಸಿಗೇ ನನ್ನನ್ನೂ ಕರೆದೊಯ್ಯುತ್ತಿದ್ದರು. ರಾತ್ರಿ ಕಾಡಿಗೆ ಬಿಟ್ಟ ಆನೆಗಳ ಕಾಲಿಗೆ ಉದ್ದನೆಯ ಸರಪಳಿಯೊಂದನ್ನು ಬಿಟ್ಟಿರುತ್ತಾರೆ. ಅದು ನೆಲದ ಮೇಲೆ ಎಳೆದ ಗೆರೆಯನ್ನು ಹಿಡಿದು ಮಾವುತ, ಕಾವಾಡಿಗರು ಬೆಳಗ್ಗೆ ಹುಡುಕಿ ತಂದು, ತುಂಗೆಯಲ್ಲಿ ಮೈತೊಳೆಸಿ, ಹುಲ್ಲಿನಲ್ಲಿ ಸುತ್ತಿದ ಭತ್ತ ಬೆಲ್ಲಗಳ ಆಹಾರವನ್ನು ಬಾಯಿಗಿಡುತ್ತಾರೆ. ಒಮ್ಮೆ ಗಂಡಾನೆಯೊಂದನ್ನು ದೂರದ ಮರಕ್ಕೆ ಒಂಟಿಯಾಗಿ ಕಟ್ಟಿದ್ದರು. ಕಪೋಲದಿಂದ ಮದಜಲ ಇಳಿಯುತ್ತಿತ್ತು. ಎಷ್ಟು ದಿನ ಹೀಗೆಂದು ಚಿಕ್ಕಪ್ಪನವರು ಕೇಳಿದ್ದಕ್ಕೆ ಮಾವುತನು, “ಇಳಿಯೋವರೆಗೂ ಸ್ವಾಮಿ. ಆಮೇಲೆ ಎಂದಿನ ಹಾಗೆ ಕೆಲಸಕ್ಕೆ ಬರುತ್ತೆ” ಎಂದನು. ಅವರು ಬಹಳ ಹೊತ್ತು ಅಲ್ಲಿಯೇ ನಿಂತು, ಬಸ್ಸಿಗೆ ಬರುವ ದಾರಿಯಲ್ಲಿ ನನ್ನೊಡನೆ ಇಷ್ಟು ಮಾತ್ರ ಹೇಳಿದರು: “ನೋಡಿದೆಯಾ, ಇಳಿದ ಮೇಲೆ ಅದನ್ನ ಯಾರೂ ಏನೂ ಕೇಳೋದಿಲ್ಲವಂತೆ.”

ನಾವು ಮಾತ್ರ ಕೇಳುತ್ತಲೇ ಇದ್ದೆವು. ಉನ್ಮಾದದಲ್ಲಿ ಆಡಿದ ಮಾತನ್ನು, ಮಾಡಿದ ಸಾಲವನ್ನು, ಮದುವೆಮನೆಯಲ್ಲಿ ಆದ ಅವಮಾನವನ್ನು ಅವರು ಸ್ವಸ್ಥರಾಗಿ ಕುಳಿತಿದ್ದಾಗಲೇ ಎತ್ತಿ ಆಡುತ್ತಿದ್ದ ಬಂಧುಗಳಿಗೆ, ಆ ಮಾತುಗಳು ತಗುಲುತ್ತಿದ್ದುದು ರೋಗಕ್ಕಲ್ಲ, ರೋಗವಿಳಿದು ನಿಂತಿದ್ದ ಒಬ್ಬ ಸಾಧುವಿಗೆ ಎಂಬುದು ಹೊಳೆಯಲಿಲ್ಲ. ಮುಂದೆ ಶಿವಮೊಗ್ಗದಲ್ಲಿಯೇ ಡಾ. ಅಶೋಕ್ ಪೈಯವರಂಥ ಮನೋವೈದ್ಯರು ನೆಲೆಸಿ, ಮನಸ್ಸಿನ ವ್ಯಾಧಿಗಳನ್ನು ಕುರಿತು ಕನ್ನಡದಲ್ಲಿ ಬರೆದು, ‘ಕಾಡಿನ ಬೆಂಕಿ’ಯಂಥ ಚಲನಚಿತ್ರಗಳಿಗೂ ಕಾರಣರಾಗಿ, ಈ ಮಾತುಗಳನ್ನು ಜಗುಲಿಯ ಮೇಲೆ ಆಡಬಹುದಾದ ಮಾತುಗಳನ್ನಾಗಿ ಮಾಡಿದರು. ಚಿಕ್ಕಪ್ಪನವರ ಯೌವನಕ್ಕೆ ಆ ಭಾಗ್ಯ ದೊರೆಯಲಿಲ್ಲ.

ಕಳೆದ ವರ್ಷ ನಮ್ಮ ಮನೆಯ ಹುಡುಗಿಯೊಬ್ಬಳಿಗೆ ಸಂಬಂಧ ಕೂಡಿಬಂದಾಗ, ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಭದ್ರಾವತಿಯವರ ವಿಷಯ ಎತ್ತಬೇಡವೆಂದು ತಗ್ಗಿದ ದನಿಯಲ್ಲಿ ಎಚ್ಚರಿಸಿದರು. ಬೀಗರಾಗುವವರು ಕಾಫಿ ಕುಡಿಯುತ್ತ, ನಮ್ಮ ಮನೆಯಲ್ಲಿ ಕಬ್ಬಿಣದ ಕಾರ್ಖಾನೆಯಲ್ಲಿದ್ದವರು ಯಾರೋ ಇದ್ದರಂತಲ್ಲ ಎಂದು ತಾವಾಗಿಯೇ ಕೇಳಿದರು. ನಾನು ಹೇಳಿದೆನು: ನಮ್ಮ ಚಿಕ್ಕಪ್ಪ, ಅವರಿಗೆ ಉನ್ಮಾದ ಖಿನ್ನತೆಯ ಕಾಯಿಲೆ ಇತ್ತು, ಬೆಂಗಳೂರಿನ ಔಷಧಿಯಿಂದ ಬಹಳಮಟ್ಟಿಗೆ ಹಿಡಿತಕ್ಕೆ ಬಂತು, ಊರಿನ ಜಟಕಾ ಕುದುರೆಗಳಿಗೆಲ್ಲ ವೈದ್ಯ ಮಾಡುತ್ತಿದ್ದರು. ಕೇಳಿದವರು ಲೋಟವನ್ನು ಕೆಳಗಿಟ್ಟು, ಕುದುರೆಯ ಹೆಗಲ ಹುಣ್ಣಿಗೆ ಏನು ಹಚ್ಚುತ್ತಿದ್ದರೆಂದು ವಿಚಾರಿಸಿದರು. ಅವರ ತಂದೆಯೂ ಒಂದು ಕಾಲಕ್ಕೆ ಗಾಡಿ ಇಟ್ಟಿದ್ದವರಂತೆ.