‘ಟಾರ್ನೇಷನ್’ ಎಲ್ಲಿ ಸಿಗುತ್ತೆ?

ಜೊನಾಥನ್ ಕೌವೆಟ್‌ನ 2003ರ ಸಾಕ್ಷ್ಯಚಿತ್ರ ‘ಟಾರ್ನೇಷನ್’ ನೋಡಿ ಎಂದು ಕೂಟದ ಮಿತ್ರರಿಗೆ ಹೇಳಿದಾಗಲೆಲ್ಲ ಬರುವ ಪ್ರಶ್ನೆ ಒಂದೇ: “ಡಾಕ್ಟ್ರೇ, ಆನ್‌ಲೈನಿನಲ್ಲಿ ಎಲ್ಲಿ ಸಿಗುತ್ತೆ?”

ಚಿತ್ರವೇನೋ ವಿಚಿತ್ರವೇ. ಬಾಲ್ಯದಿಂದ ತಾನೇ ಹಿಡಿದ ವಿಡಿಯೋ, ಹಳೆಯ ಫೋಟೋ, ಆನ್ಸರಿಂಗ್ ಮೆಷಿನ್ನಿನ ದನಿ ಎಲ್ಲವನ್ನೂ ಐಮೂವಿಯಲ್ಲಿ ಹೊಲಿದಿದ್ದಾನೆ. ಮೊದಲ ಖರ್ಚು ಸುಮಾರು 218 ಡಾಲರ್ ಅಂತೆ! ಕತೆ ಅವನ ತಾಯಿ ರೆನೀಯದು. ಎಳೆಯ ವಯಸ್ಸಿನಲ್ಲಿ ಮಾಡಿನಿಂದ ಬಿದ್ದಳು, ಹೆತ್ತವರು ಶಾಕ್ ಚಿಕಿತ್ಸೆಗೆ ಒಪ್ಪಿದರು, ಆಮೇಲೆ ಆಸ್ಪತ್ರೆಯಿಂದ ಆಸ್ಪತ್ರೆಗೆ. 2002ರಲ್ಲಿ ಲಿಥಿಯಂ ಮಿತಿಮೀರಿತು. ಇಂದು ಅರಿವಳಿಕೆ ಕೊಟ್ಟು ಮಾಡುವ ಈ ಚಿಕಿತ್ಸೆ ತೀವ್ರ ಖಿನ್ನತೆಯಲ್ಲಿ ಜೀವ ಉಳಿಸುವುದುಂಟು, ಅದು ಬೇರೆ ಮಾತು. ಆದರೆ ರೆಸಿಡೆನ್ಸಿಯಲ್ಲಿ ನಾನು ಬರೆದ ಕೇಸ್ ಶೀಟುಗಳಲ್ಲಿ ರೋಗಿಯ ಮಗ ಎಲ್ಲೂ ಇರಲಿಲ್ಲ. ಇಲ್ಲಿ ಅವನೇ ಮಾತಾಡುತ್ತಾನೆ. ಮನೆಯ ಕಾಯಿಲೆಯನ್ನು ಪಕ್ಕದವರಿಗೂ ತಿಳಿಯದಂತೆ ಮುಚ್ಚಿಡುವ ನಮ್ಮ ಜನ ನೋಡಲೇಬೇಕು.

ಹುಡುಕಾಟ ಕಷ್ಟ, ನಿಜ. ಇದರ ತುಂಬ ಬೇರೆಯವರ ಹಾಡುಗಳು. ಅವುಗಳ ಹಕ್ಕು ಇತ್ಯಾದಿ ಸೇರಿ ಬಿಡುಗಡೆಯ ವೇಳೆಗೆ ಖರ್ಚು ಲಕ್ಷಗಳಿಗೇರಿತು. ಪ್ರಸಾರದ ಹಕ್ಕೂ ದೇಶಕ್ಕೊಂದು, ಅವಧಿಗೊಂದು. ಹಾಗಾಗಿ ಇಂದು ಇದ್ದ ಚಿತ್ರ ನಾಳೆ ಮಾಯ! ಮೊದಲು ಜಸ್ಟ್‌ವಾಚ್‌ನಲ್ಲಿ ನಿಮ್ಮ ದೇಶ ಆರಿಸಿ ನೋಡಿ. ಆಮೇಲೆ ಲೈಬ್ರರಿ ಕಾರ್ಡಿನಿಂದ ಕನೋಪಿ. ಅಲ್ಲೂ ಇಲ್ಲದಿದ್ದರೆ ಬೇರೆ ಊರಿನ ಲೈಬ್ರರಿಯಿಂದ ಡಿವಿಡಿ ತರಿಸಿಕೊಡಿ ಎಂದು ಕೇಳಿ, ಸಂಕೋಚ ಬೇಡ. ಮಕ್ಕಳು ಮಲಗಿದ ಮೇಲೆ ಹಚ್ಚಿ.